ನೀರ್ಗಲ್ಲಿನ ಹಾಕಿಯೂ ಮೆಕ್‌ಗಿಲ್ ವಿದ್ಯಾರ್ಥಿಗಳೂ

ಲೋಕದಲ್ಲಿ ಲಕ್ಷ್ಯವು ಮೊದಲು, ಲಕ್ಷಣವು ಅನಂತರ. ಜನರು ಮಾತನಾಡಿದ ಮೇಲೆ ವೈಯಾಕರಣನು ಸೂತ್ರವನ್ನು ರಚಿಸುವನು. ನಟರು ಅಭಿನಯಿಸಿದ ಮೇಲೆ ನಾಟ್ಯಶಾಸ್ತ್ರವು ಹುಟ್ಟುವುದು. ಆಟಗಳಿಗೂ ಈ ನ್ಯಾಯವೇ ಸಲ್ಲತಕ್ಕದ್ದು. ಹೀಗಿದ್ದರೂ ಆಟಗಳ ಚರಿತ್ರೆಯನ್ನು ಬರೆಯುವವರಲ್ಲಿ ಅನೇಕರು ಇಂಥ ಆಟವನ್ನು ಇಂಥವನು ಇಂಥ ದಿನ ಹುಟ್ಟಿಸಿದನೆಂದು ಹೇಳುವುದಕ್ಕೆ ಆತುರಪಡುವರು. ಕೆನಡಾ ದೇಶದ ನೀರ್ಗಲ್ಲಿನ ಹಾಕಿಯ ವಿಷಯದಲ್ಲಿಯೂ ಇಂಥ ವಾದವು ಬಹುಕಾಲದಿಂದ ನಡೆದುಬಂದಿದೆ. ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ಈ ಆಟಕ್ಕೆ ಶಾಸ್ತ್ರಕರ್ತರೆಂಬ ಪ್ರತೀತಿಯನ್ನು ಪರೀಕ್ಷಿಸಿ, ಅವರಿಗೆ ನ್ಯಾಯವಾಗಿ ಸಲ್ಲತಕ್ಕ ಕೀರ್ತಿಯು ಯಾವುದೆಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶವು.

ನೆಲದ ಹಾಕಿಯು ಕನ್ನಡ ನಾಡಿನಲ್ಲಿ, ವಿಶೇಷವಾಗಿ ಕೊಡಗಿನಲ್ಲಿ, ಚೆನ್ನಾಗಿ ಪರಿಚಿತವಾದ ಆಟ. ನೀರ್ಗಲ್ಲಿನ ಹಾಕಿಯು ಅದರ ದಾಯಾದಿ. ಶೀತದೇಶಗಳಲ್ಲಿ ಚಳಿಗಾಲ ಬಂತೆಂದರೆ ಕೆರೆಹೊಳೆಗಳು ಹೆಪ್ಪುಗಟ್ಟುವುವು. ಆ ಗಡ್ಡೆಯ ಮೇಲೆ, ಉಕ್ಕಿನ ಅಲಗನ್ನು ಜೋಡಿಸಿದ ಸ್ಕೇಟು ಎಂಬ ಪಾದರಕ್ಷೆಯನ್ನು ಮೆಟ್ಟಿ, ಪಕ್ ಎಂಬ ಚಪ್ಪಟೆಯಾದ ಬಿಲ್ಲೆಯನ್ನು ತುದಿ ಬಾಗಿದ ದಾಂಡಿನಿಂದ ಹೊಡೆದು ಎದುರುಪಕ್ಷದವರ ಗೋಲಿಗೆ ಸೇರಿಸುವುದು ಈ ಆಟದ ಸ್ವರೂಪವು.

ಇದರ ಪ್ರಯೋಗವು ಬಹಳ ಹಳೆಯದೆಂಬುದಕ್ಕೆ ಪ್ರಮಾಣಗಳುಂಟು. ಸುಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞನಾದ ಚಾರಲ್ಸ್ ಡಾರ್ವಿನ್ನನು ೧೮೫೩ರಲ್ಲಿ ತನ್ನ ಮಗನಿಗೆ ಬರೆದ ಪತ್ರವೊಂದರಲ್ಲಿ, ತಾನು ಹಿಂದೆ ಸ್ಕೇಟು ಕಟ್ಟಿಕೊಂಡು ನೀರ್ಗಲ್ಲಿನ ಮೇಲೆ ಹಾಕಿ ಆಡುವುದರಲ್ಲಿ ಬಹಳ ಪ್ರೀತಿಯುಳ್ಳವನಾಗಿದ್ದನೆಂದು ತಿಳಿಸಿರುತ್ತಾನೆ. ಕೆನಡಾದ ಪೂರ್ವತೀರದ ನೋವಾ ಸ್ಕೋಷಿಯಾ ಪ್ರಾಂತದಲ್ಲಿಯೂ ಇಂಥ ಆಟವು ರೂಢಿಯಲ್ಲಿತ್ತು. ಅಲ್ಲಿನ ಮೂಲನಿವಾಸಿಗಳಾದ ಮಿಕ್ಮಾಕ್ ಜನರು ಒಂದೇ ಮರದ ತುಂಡಿನಿಂದ ಕೆತ್ತಿದ ದಾಂಡುಗಳು ಹೊರ ಊರುಗಳಲ್ಲಿಯೂ ಮಾರಾಟವಾಗುತ್ತಿದ್ದುವು. ಆದಕಾರಣ ಆಟದ ಉತ್ಪತ್ತಿಗೆ ಯಾವ ವಿದ್ಯಾಶಾಲೆಯೂ ಹಕ್ಕುದಾರನಾಗಲಾರದು.

ಇನ್ನು ಏರ್ಪಾಡಾಗಿ ನಡೆದ ಪಂದ್ಯದ ವಿಷಯ. ೧೮೭೫ನೆಯ ಇಸವಿ ಮಾರ್ಚಿ ೩ನೆಯ ತಾರೀಖು ಮಾಂಟ್ರಿಯಲ್ಲಿನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬ ಛಾವಣಿಯುಳ್ಳ ಅಂಗಣದಲ್ಲಿ, ಪಕ್ಷಕ್ಕೆ ಒಂಬತ್ತು ಜನರಂತೆ ಎರಡು ತಂಡಗಳು ಆಡಿದುವು. ಹ್ಯಾಲಿಫ್ಯಾಕ್ಸ್ ನಗರದಿಂದ ಬಂದು ನೆಲೆಸಿದ್ದ ಜೇಮ್ಸ್ ಕ್ರೈಟನ್ ಎಂಬ ಯಂತ್ರಶಿಲ್ಪಿಯು ಒಂದು ತಂಡದ ನಾಯಕನಾಗಿದ್ದನು. ಅವನ ಪಕ್ಷವೇ ೨-೧ ಗೋಲುಗಳಿಂದ ಗೆದ್ದಿತು. ಚೆಂಡು ಪುಟಿದು ಪ್ರೇಕ್ಷಕರ ಮೇಲೆ ಬೀಳಬಾರದೆಂದು ಮರದ ಚಪ್ಪಟೆ ಬಿಲ್ಲೆಯನ್ನು ಉಪಯೋಗಿಸಲಾಗುವುದೆಂದು ಆ ದಿನವೇ ವೃತ್ತಾಂತಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಈ ಕ್ರೈಟನ್ನನು ಮುಂದೆ ಮೆಕ್‌ಗಿಲ್ಲಿನಲ್ಲಿಯೇ ನ್ಯಾಯಶಾಸ್ತ್ರವನ್ನು ಓದಿ, ಕೆನಡಾದ ಸೆನೆಟ್ ಸಭೆಯ ಕಾನೂನು ಅಧಿಕಾರಿಯಾಗಿ ೧೮೮೨ರಿಂದ ೧೯೩೦ರ ವರೆಗೆ ಸೇವೆ ಸಲ್ಲಿಸಿದನು.

೧೮೭೭ರ ಜನವರಿಯಲ್ಲಿ ಮೆಕ್‌ಗಿಲ್ ವಿದ್ಯಾರ್ಥಿಗಳು ತಮ್ಮದೇ ಒಂದು ಹಾಕಿ ಸಂಘವನ್ನು ಸ್ಥಾಪಿಸಿಕೊಂಡರು. ಅಲ್ಲಿನ ರಾಬರ್ಟ್‌ಸನ್, ಸ್ಮಿತ್, ಮರ್ರೆ ಎಂಬ ಮೂವರು ೧೮೭೯ರಲ್ಲಿ ಆಟದ ನಿಯಮಗಳನ್ನು ಮೊದಲು ರಚಿಸಿದರೆಂಬ ಕಥೆಯು ಬಹುಕಾಲ ಪ್ರಚಾರದಲ್ಲಿತ್ತು. ಇದು ಪೂರ್ವಪಕ್ಷ. ಆದರೆ ೧೮೭೭ನೆಯ ಇಸವಿ ಫೆಬ್ರವರಿ ೨೭ನೆಯ ತಾರೀಖಿನ ಮಾಂಟ್ರಿಯಲ್ ಗೆಜೆಟ್ ಪತ್ರಿಕೆಯಲ್ಲಿ ಏಳು ನಿಯಮಗಳು ಅಚ್ಚಾಗಿರುವುವು. ಎರಡು ವರ್ಷ ಮೊದಲೇ ಮುದ್ರಿತವಾದ ನಿಯಮಗಳಿರುವಾಗ ೧೮೭೯ರಲ್ಲಿ ಅವು ಹುಟ್ಟಿದುವೆಂಬ ಮಾತು ನಿಲ್ಲಲಾರದು.

ಆ ಏಳು ನಿಯಮಗಳಾದರೂ ಮಾಂಟ್ರಿಯಲ್ಲಿನಲ್ಲಿ ಹೊಸದಾಗಿ ಹುಟ್ಟಿದವೆ ಎಂದರೆ, ಅದೂ ಅಲ್ಲ. ಪಾಠವನ್ನು ಪರಿಶೀಲಿಸಿದವರಿಗೆ ಅದರಲ್ಲಿ ಎರಡು ಶಬ್ದಗಳು ಎದ್ದು ಕಾಣುವುವು: ಒಂದು 'ಚೆಂಡು', ಇನ್ನೊಂದು 'ನೆಲ'. ಬಿಲ್ಲೆಯಿಂದ ಗಡ್ಡೆಯ ಮೇಲೆ ಆಡುವವರ ಸೂತ್ರದಲ್ಲಿ ಈ ಶಬ್ದಗಳಿಗೆ ಕೆಲಸವೇನು? ಇಂಗ್ಲೆಂಡಿನಲ್ಲಿ ನೆಲದ ಹಾಕಿಯ ಸಂಘದವರು ೧೮೭೫ರಲ್ಲಿ ಏರ್ಪಡಿಸಿದ ನಿಯಮಗಳೊಡನೆ ಹೋಲಿಸಿದರೆ ಸಂಶಯವು ಪರಿಹಾರವಾಗುವುದು. ವಾಕ್ಯಗಳು ಬಹುಮಟ್ಟಿಗೆ ಒಂದೇ. ಪ್ರತಿಕಾರನು ಮೂಲದ ಪದವನ್ನು ತಿದ್ದಲು ಮರೆತ ಕಡೆ ಮಾತೃಕೆಯ ಗುರುತು ಉಳಿಯುವಂತೆ ಇಲ್ಲಿಯೂ ಉಳಿದಿದೆ. ಆಟಗಾರನು ಚೆಂಡಿಗಿಂತ ಮುಂದೆ ಇರಕೂಡದೆಂಬ ನಿಯಮವೂ ಹೀಗೆಯೇ ಬಂದದ್ದು. ಇದರಿಂದ ತನ್ನವರಲ್ಲಿ ಮುಂದಿರುವವನಿಗೆ ಬಿಲ್ಲೆಯನ್ನು ತಳ್ಳುವುದು ನಿಷಿದ್ಧವಾಯಿತು. ವೃತ್ತಿಪರ ಸಂಘಗಳು ಈ ನಿಷೇಧವನ್ನು ಕ್ರಮಕ್ರಮವಾಗಿ ಸಡಿಲಿಸಿ, ೧೯೨೯ರ ವೇಳೆಗೆ ಬಹುಮಟ್ಟಿಗೆ ಕೈಬಿಟ್ಟುವು. ನಕಲು ಮಾಡಿದ ಒಂದು ವಾಕ್ಯವು ಅರ್ಧ ಶತಮಾನದ ಕಾಲ ಆಟದ ಗತಿಯನ್ನು ಕಟ್ಟಿಹಾಕಿತ್ತೆಂದರೆ ತಪ್ಪಾಗದು.

ಹಾಗಾದರೆ ವಿದ್ಯಾರ್ಥಿಗಳಿಗೆ ಸಲ್ಲುವುದೇನು? ಅದು ತಿಳಿಯಬೇಕಾದರೆ ೧೮೮೩ರ ಚಳಿಗಾಲವನ್ನು ನೋಡಬೇಕು. ಆ ವರ್ಷ ಮಾಂಟ್ರಿಯಲ್ಲಿನವರು ಶೀತಕಾಲದ ಮಹೋತ್ಸವವನ್ನು ಮೊದಲ ಬಾರಿಗೆ ಆಚರಿಸಿದರು. ಊರ ಚೌಕದಲ್ಲಿ ನೀರ್ಗಲ್ಲಿನ ಇಟ್ಟಿಗೆಗಳಿಂದಲೇ ಅರಮನೆಯೊಂದನ್ನು ಕಟ್ಟಿದ್ದರು. ಉತ್ಸವದ ಅಂಗವಾಗಿ ಹೆಪ್ಪುಗಟ್ಟಿದ ಸೇಂಟ್ ಲಾರೆನ್ಸ್ ನದಿಯ ಮೇಲೆ, ಬಯಲಿನಲ್ಲಿಯೇ, ಮೆಕ್‌ಗಿಲ್, ವಿಕ್ಟೋರಿಯಾ, ಕ್ವಿಬೆಕ್ ಎಂಬ ಮೂರು ತಂಡಗಳ ಪಂದ್ಯಗಳು ನಡೆದುವು. ಗೋಲಿಗೆ ಬಲೆಯಿರಲಿಲ್ಲ. ಇಷ್ಟರಲ್ಲಿ ವಿದ್ಯಾರ್ಥಿಗಳ ತಂಡವೇ ಗೆದ್ದು ಬೆಳ್ಳಿಯ ಬಟ್ಟಲನ್ನು ಪಡೆಯಿತು. ಆ ಕಾಲದ ಮೆಕ್‌ಗಿಲ್ ತಂಡದಲ್ಲಿ ಗೋಲನ್ನು ಕಾಯುತ್ತಿದ್ದ ಆಲ್ಬರ್ಟ್ ಲೋ ಎಂಬ ಯುವಕನು ಮುಂದೆ ಭೂಗರ್ಭಶಾಸ್ತ್ರಜ್ಞನಾಗಿ ಲ್ಯಾಬ್ರಡಾರ್ ಪ್ರದೇಶವನ್ನು ಶೋಧಿಸಿ ಖ್ಯಾತನಾದನು.

ಈ ಜಯದ ಮಹತ್ವವು ಬಟ್ಟಲಿನಲ್ಲಿಲ್ಲ, ಅದರ ಫಲಪರಂಪರೆಯಲ್ಲಿದೆ. ೧೮೮೩ರ ಪಂದ್ಯಗಳನ್ನು ಕಂಡ ಆಟವಾ ನಗರದ ತರುಣರು ಅದೇ ವರ್ಷ ತಮ್ಮ ಊರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಆ ಸಂಘವು ೧೯೦೩ರಲ್ಲಿ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದಿತು. ೧೮೮೬ರಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ಕ್ವೀನ್ಸ್ ವಿಶ್ವವಿದ್ಯಾನಿಲಯದವರೂ ರಾಜಕೀಯ ಸೈನಿಕ ವಿದ್ಯಾಲಯದವರೂ ತಮ್ಮೊಳಗೆ ಪಂದ್ಯವಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕೆನಡಾದ ಅಮೆಚೂರ್ ಹಾಕಿ ಸಂಘವು ಸ್ಥಾಪಿತವಾದಾಗ ಅದರ ಐದು ಅಂಗಗಳಲ್ಲಿ ಮೆಕ್‌ಗಿಲ್ ಒಂದಾಗಿತ್ತು. ಜನವರಿ ೧ರಿಂದ ಮಾರ್ಚಿ ೧೫ರ ವರೆಗೆ ಪಂದ್ಯಗಳ ಕಾಲವೆಂದು ಆ ಸಂಘವು ಗೊತ್ತುಮಾಡಿತು. ಹಿಮದ ಇಚ್ಛೆಯಂತೆ ನಡೆಯುತ್ತಿದ್ದ ವಿನೋದವು ಪಂಚಾಂಗಬದ್ಧವಾದದ್ದು ಹೀಗೆ.

ಇದರ ಮೇಲೆ ಸಿದ್ಧಾಂತವಿಷ್ಟು. ಮೆಕ್‌ಗಿಲ್ ವಿದ್ಯಾರ್ಥಿಗಳು ಆಟವನ್ನು ಸೃಷ್ಟಿಸಿದವರಲ್ಲ. ಅದರ ಸೂತ್ರಗಳನ್ನು ಮೊದಲು ಬರೆದವರೂ ಅಲ್ಲ. ಓದು ಮುಗಿಸಿದವರು ಹೊರಟುಹೋಗಿ ಹೊಸಬರು ಬರುತ್ತಿದ್ದ ಶಾಲೆಯಲ್ಲಿ ತಂಡವನ್ನು ಕೆಡಲೀಯದೆ, ವರ್ಷ ವರ್ಷವೂ ಅದೇ ನಿಯಮಗಳಿಂದ ಆಡಿ, ಹಿಂದಿನವರಿಂದ ಕಲಿತುದನ್ನು ಮುಂದಿನವರಿಗೆ ಒಪ್ಪಿಸಿದವರು ಅವರು. ಸಂಪ್ರದಾಯವೆಂಬುದಕ್ಕೆ ಅರ್ಥ ಇದೇ. ಕರ್ತೃತ್ವದ ಕೀರ್ತಿಗಿಂತ ಇದು ಕಡಮೆಯೆಂದು ತಿಳಿಯಲಾಗದು. ರಕ್ಷಿಸುವವರಿಲ್ಲದೆ ನಶಿಸಿದ ಆಟಗಳೂ ಗ್ರಂಥಗಳೂ ಲೋಕದಲ್ಲಿ ಎಷ್ಟೋ ಇರುತ್ತವೆ.