2 ಲಕ್ಷ ರೂಪಾಯಿಯ ಹೊಸಿಲು: ಜೆ.ಸಿ. ರಸ್ತೆಯಿಂದ ಮೊಬೈಲ್‌ವರೆಗೆ

ಬೆಂಗಳೂರಿನ ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ಗೆ ಹೋಗುವ ಜೆ.ಸಿ. ರಸ್ತೆ ನಮ್ಮ ಊರಿನವರಿಗೆ ಗೊತ್ತಿರುವುದು ಗಾಡಿಗಳ ಬಿಡಿಭಾಗದ ಅಂಗಡಿಗಳಿಂದ, ರವೀಂದ್ರ ಕಲಾಕ್ಷೇತ್ರದಿಂದ. ಇದೇ ರಸ್ತೆಯ ಒಂದನೇ ಕ್ರಾಸ್‌ನಲ್ಲಿ ಸ್ಟಾಕ್ ಎಕ್ಸ್‌ಚೇಂಜ್ ಟವರ್ಸ್ ಇದೆ. 1963ರಲ್ಲಿ ಹುಟ್ಟಿದ ಬೆಂಗಳೂರು ಷೇರುಪೇಟೆ ಕೊನೆಯವರೆಗೂ ಇದ್ದದ್ದು ಈ ಕಟ್ಟಡದಲ್ಲಿ. ಚಾಮರಾಜಪೇಟೆ, ಬಸವನಗುಡಿ ಎರಡೂ ಹತ್ತಿರ.

ಆಗ ಷೇರು ಎಂದರೆ ಕಾಗದ. ಬ್ರೋಕರ್ ಮೂಲಕ ಕೊಳ್ಳಬೇಕು, ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಕಂಪನಿಗೆ ಅಂಚೆಯಲ್ಲಿ ಕಳಿಸಬೇಕು, ಹೆಸರು ಬದಲಾಗಿ ಬರುವವರೆಗೆ ವಾರಗಟ್ಟಲೆ ಕಾಯಬೇಕು. ಮಾರಿದವರ ಸಹಿ ಹೊಂದದಿದ್ದರೆ ಎಲ್ಲ ವಾಪಸ್. ಬಸವನಗುಡಿಯ ಪಿಂಚಣಿದಾರರಿಗೇ ಇಷ್ಟು ತಾಪತ್ರಯ ಎಂದ ಮೇಲೆ ಹಳ್ಳಿಯವರ ಮಾತೇ ಬೇಡ. 1994ರಲ್ಲಿ ಎನ್‌ಎಸ್‌ಇ ಕಂಪ್ಯೂಟರ್ ಪರದೆಯ ಮೇಲೆ ವ್ಯಾಪಾರ ಶುರುಮಾಡಿತು, 1996ರಲ್ಲಿ ಡಿಮ್ಯಾಟ್ ಬಂತು, ಊರೂರಿನ ಷೇರುಪೇಟೆಗಳ ವ್ಯಾಪಾರ ಮುಂಬೈಗೆ ಹರಿದುಹೋಯಿತು. ವರ್ಷಕ್ಕೆ 1,000 ಕೋಟಿ ರೂಪಾಯಿ ವ್ಯವಹಾರ ಇಲ್ಲದಿದ್ದರೆ ಬಾಗಿಲು ಹಾಕಿ ಎಂದು 2012ರಲ್ಲಿ ಸೆಬಿ ಹೇಳಿತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಷೇರುಪೇಟೆ ಮುಚ್ಚಿತು.

ಕೊಳ್ಳುವ ಬಾಗಿಲು ಹೀಗೆ ಜೆ.ಸಿ. ರಸ್ತೆಯಿಂದ ನಮ್ಮ ಕೈಯ ಫೋನಿಗೆ ಬಂತು. ಅದು ಒಳ್ಳೆಯದೇ. ಆದರೆ ಆ ಬಾಗಿಲಿನಲ್ಲಿ ಷೇರಿನ ಜೊತೆ ಇನ್ನೊಂದು ಸರಕೂ ಒಳಗೆ ಬಂತು: ಫ್ಯೂಚರ್ಸ್ ಮತ್ತು ಆಪ್ಷನ್.

ಈ ಸರಕನ್ನು ಸರ್ಕಾರ ಬಹಳ ಕಾಲ ದೂರ ಇಟ್ಟಿತ್ತು. 1956ರ ಕಾನೂನೇ ಆಪ್ಷನ್ ನಿಷೇಧಿಸಿತ್ತು. 1969ರಲ್ಲಿ ಷೇರುಗಳ ಮುಂಗಡ ವ್ಯಾಪಾರವೂ ನಿಂತಿತು. ಮುಂಬೈನ ದಲ್ಲಾಳಿಗಳು ಸುಮ್ಮನಿರಲಿಲ್ಲ. ಈ ವಾರದ ಲೆಕ್ಕವನ್ನು ಬಡ್ಡಿ ಕೊಟ್ಟು ಮುಂದಿನ ವಾರಕ್ಕೆ ತಳ್ಳುವ 'ಬದ್ಲಾ' ಪದ್ಧತಿ ನಡೆಸಿದರು. ಸೆಬಿ ಅದನ್ನು ಒಮ್ಮೆ ತಡೆದು, ಮತ್ತೆ ಬಿಟ್ಟು, ಕೊನೆಗೆ 2001ರ ಜುಲೈನಲ್ಲಿ ಪೂರ್ತಿ ನಿಲ್ಲಿಸಿತು. ಅಷ್ಟರಲ್ಲಿ ನಿಷೇಧದ ಕಾನೂನುಗಳು ಹೋಗಿದ್ದವು. 2000ರ ಜೂನ್‌ನಲ್ಲಿ ಫ್ಯೂಚರ್ಸ್, ಮರುವರ್ಷ ಆಪ್ಷನ್ ಶುರುವಾದವು.

ಸಣ್ಣವರು ಇದಕ್ಕೆ ಬೀಳಬಾರದು ಎಂಬ ಯೋಚನೆ ಆಗಲೂ ಇತ್ತು. ಒಂದು ಒಪ್ಪಂದದ ಬೆಲೆ 2 ಲಕ್ಷ ರೂಪಾಯಿಗಿಂತ ಕಡಿಮೆ ಇರಕೂಡದು ಎಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ ಹೇಳಿತು, ಸೆಬಿ ಹಾಗೆಯೇ ನಿಯಮ ಮಾಡಿತು. 2 ಲಕ್ಷ ಎಂದರೆ ಆಗ ದೊಡ್ಡ ದುಡ್ಡು. ಅದೇ ಹೊಸಿಲು. ದಾಟುವ ಶಕ್ತಿ ಇದ್ದವನು ಒಳಗೆ ಬರಲಿ ಎಂಬ ಲೆಕ್ಕ.

ಈ ಹೊಸಿಲು ಫ್ಯೂಚರ್ಸ್‌ಗೆ ಸರಿಹೋಯಿತು, ಆಪ್ಷನ್ ಕೊಳ್ಳುವವರನ್ನು ತಡೆಯಲಿಲ್ಲ. ಯಾಕೆ ಎಂಬುದನ್ನು ತಿಪಟೂರಿನ ಕೊಬ್ಬರಿ ಲೆಕ್ಕದಲ್ಲಿ ನೋಡೋಣ. ಬರುವ ವಾರ ಇವತ್ತಿನ ದರಕ್ಕೇ 10 ಕ್ವಿಂಟಲ್ ಕೊಬ್ಬರಿ ನನಗೆ ಕೊಡಬೇಕು ಎಂದು ನೀವು ಒಬ್ಬರ ಕೈಗೆ 2,000 ರೂಪಾಯಿ ಕೊಟ್ಟು ಮಾತು ಕಟ್ಟಿಕೊಳ್ಳುತ್ತೀರಿ ಎನ್ನಿ. ದರ ಏರಿದರೆ ಲಾಭ ನಿಮ್ಮದು. ಏರದಿದ್ದರೆ ಕೊಳ್ಳಲೇಬೇಕು ಎಂದೇನಿಲ್ಲ, ಆದರೆ ಆ 2,000 ರೂಪಾಯಿ ಹೋಯಿತು. ಕೊಬ್ಬರಿಯ ಬೆಲೆ ಲಕ್ಷಗಟ್ಟಲೆ, ನೀವು ಕೊಟ್ಟದ್ದು 2,000 ಮಾತ್ರ. ಆಪ್ಷನ್‌ನಲ್ಲಿ ಈ ದುಡ್ಡಿಗೆ ಪ್ರೀಮಿಯಂ ಎನ್ನುತ್ತಾರೆ. ಹೊಸಿಲು ಅಳೆದದ್ದು ಸರಕಿನ ಬೆಲೆಯನ್ನು, ಕೈಯಿಂದ ಹೋಗುವ ದುಡ್ಡನ್ನಲ್ಲ.

2016ರಲ್ಲಿ ಎನ್‌ಎಸ್‌ಇ ಬ್ಯಾಂಕ್ ನಿಫ್ಟಿಗೆ ವಾರದ ಆಪ್ಷನ್ ತಂದಿತು. ಗಡುವು ಹತ್ತಿರವಾದಷ್ಟೂ ಪ್ರೀಮಿಯಂ ಅಗ್ಗ. ಆಮೇಲೆ ಅಗ್ಗದ ಇಂಟರ್‌ನೆಟ್, ಕೊರೊನಾ ಲಾಕ್‌ಡೌನ್, ಯೂಟ್ಯೂಬ್ ಗುರುಗಳು. (ಗುರುಗಳ ಫೀಸಿಗೆ ಮಾತ್ರ ಯಾವ ವಾರವೂ ನಷ್ಟವಿಲ್ಲ.)

ಸೆಬಿ 2024ರಲ್ಲಿ ಬಿಡಿಸಿಟ್ಟ ಲೆಕ್ಕ ಹೀಗಿದೆ. 2021-22ರಿಂದ 2023-24ರವರೆಗೆ ಈ ವ್ಯಾಪಾರಕ್ಕಿಳಿದ ಸುಮಾರು 1.13 ಕೋಟಿ ಜನಸಾಮಾನ್ಯರಲ್ಲಿ 93% ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಮ್ಮ ಓದುಗರು ನಿಂತು ನೋಡಬೇಕಾದ ಅಂಕಿ ಬೇರೆ: ವ್ಯಾಪಾರ ಮಾಡಿದವರಲ್ಲಿ 72%ಗೂ ಹೆಚ್ಚು ಜನ ದೇಶದ 30 ದೊಡ್ಡ ನಗರಗಳ ಹೊರಗಿನವರು. 75%ಗೂ ಹೆಚ್ಚು ಜನ ತೋರಿಸಿದ ವಾರ್ಷಿಕ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ. 2000ದಲ್ಲಿ ಯಾರನ್ನು ಹೊರಗಿಡಬೇಕು ಅಂದುಕೊಂಡಿದ್ದರೋ ಅವರೇ ಒಳಗೆ ತುಂಬಿಕೊಂಡಿದ್ದರು. 2023-24ರಲ್ಲಿ ಗೆದ್ದವರಲ್ಲಿ ಮುಂದಿದ್ದದ್ದು ಸ್ವಂತ ಹಣದಿಂದ ಆಡುವ ದೊಡ್ಡ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ಅವರ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ವ್ಯಾಪಾರದಿಂದ. ಬಸ್ ಸ್ಟ್ಯಾಂಡಿನಲ್ಲಿ ಕೂತು ಬೆರಳು ಒತ್ತುವ ಹುಡುಗನ ಎದುರಾಳಿ ಆ ಯಂತ್ರ.

2015ರಲ್ಲೇ 5 ಲಕ್ಷಕ್ಕೆ ಏರಿದ್ದ ಹೊಸಿಲನ್ನು ಸೆಬಿ 2024ರ ನವೆಂಬರ್‌ನಲ್ಲಿ 15 ಲಕ್ಷಕ್ಕೆ ಏರಿಸಿತು. ಒಂದು ಷೇರುಪೇಟೆಗೆ ಒಂದೇ ವಾರದ ಆಪ್ಷನ್ ಸಾಕು ಎಂದಿತು. ಎರಡನೆಯದು ಸರಿಯಾದ ಜಾಗಕ್ಕೆ ಹಾಕಿದ ಬೀಗ ಎಂದು ನಮಗನಿಸುತ್ತದೆ. ಮೊದಲನೆಯದರ ಬಗ್ಗೆ ಅನುಮಾನವಿದೆ. ನಿಫ್ಟಿಯ ಲಾಟ್ 25ರಿಂದ 75ಕ್ಕೆ ಏರಿದಾಗ ಅದೇ ಆಪ್ಷನ್‌ಗೆ ಮೂರು ಪಟ್ಟು ದುಡ್ಡು ಬೇಕಾಯಿತು, ನಿಜ. ಆದರೆ ನಿಫ್ಟಿ 24,000 ಇದ್ದಾಗ 18 ಲಕ್ಷ ರೂಪಾಯಿಯ ಆ ಒಪ್ಪಂದಕ್ಕೆ 20 ರೂಪಾಯಿ ಪ್ರೀಮಿಯಂನ ಆಪ್ಷನ್ ಸಿಕ್ಕರೆ ಬೇಕಾಗುವುದು 1,500 ರೂಪಾಯಿ. ಗಾರೆ ಕೆಲಸದ ಒಂದೆರಡು ದಿನದ ಕೂಲಿ.

2024-25ರ ಲೆಕ್ಕವನ್ನೂ ಸೆಬಿ ಪ್ರಕಟಿಸಿದೆ. ಆ ವರ್ಷ ನಷ್ಟವಾದವರು 91%, ಕಳೆದುಕೊಂಡದ್ದು 1,05,603 ಕೋಟಿ ರೂಪಾಯಿ.