ಲೋಂಡಾ ದಾರಿಯ ಎತ್ತರದ ಹ್ಯಾಂಡಲ್

ಚಾಪರ್ ಎಂದರೆ ಈಗಿನ ಹುಡುಗರಿಗೆ ನೆನಪಾಗುವುದು ಅಮೆರಿಕ. ನನಗೆ ನೆನಪಾಗುವುದು ಲೋಂಡಾ ಸ್ಟೇಷನ್ನಿನ ಪಾರ್ಸಲ್ ಕಟ್ಟೆ. ಅಪ್ಪ ರೈಲ್ವೆಯಲ್ಲಿದ್ದರು, ನಮ್ಮ ಮನೆ ಕ್ವಾರ್ಟರ್ಸ್‌ನಲ್ಲಿ. ಎಂಬತ್ತರ ದಶಕದಲ್ಲಿ ಮಳೆಗಾಲ ಮುಗಿಯುತ್ತಲೇ ಗೋವಾಕ್ಕೆ ಹೋಗುವ ವಿದೇಶಿಯರು ಅಲ್ಲಿ ಗಾಡಿ ಬದಲಿಸುತ್ತಿದ್ದರು. ಕೆಲವರ ಜೊತೆ ಟಾಕಿ ಖಾಲಿ ಮಾಡಿ, ಹುಲ್ಲು ತುಂಬಿದ ಗೋಣಿತಟ್ಟು ಸುತ್ತಿ, ಸುತಲಿಯಿಂದ ಬಿಗಿದ ಬುಲೆಟ್ಟುಗಳೂ ಬ್ರೇಕ್ ವ್ಯಾನಿನಿಂದ ಇಳಿಯುತ್ತಿದ್ದವು. ಎಷ್ಟು ಸುತ್ತಿದರೂ ಹ್ಯಾಂಡಲ್ ಮಾತ್ರ ಹೊರಗೇ ಉಳಿಯುತ್ತಿತ್ತು. ಅಷ್ಟು ಎತ್ತರದ್ದು. ಹಿಡಿದವನ ಮುಷ್ಟಿ ಎದೆಮಟ್ಟಕ್ಕೆ ಬರುವಂಥದ್ದು.

ಈ ಹಳಿಯ ಹಿನ್ನೆಲೆ ಹೇಳದೆ ಮುಂದೆ ಹೋಗಲಾರೆ. ಪೋರ್ಚುಗೀಸರ ಮುರ್ಮಗಾವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗಿನ ಮಾರ್ಗ 1888ರಲ್ಲಿ ಈಚೆಯ ಬ್ರಿಟಿಷ್ ಸೀಮೆಯ ಮಾರ್ಗಕ್ಕೆ ಕೂಡಿಕೊಂಡಿತು. ಎರಡೂ ಮೀಟರ್‌ಗೇಜ್. ಲೋಂಡಾ ಜಂಕ್ಷನ್ ಆಯಿತು, ಕಾಡಿನ ನಡುವೆ ಊರು ಬೆಳೆಯಿತು. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಗಡಿ ಹೋಯಿತು. ಹತ್ತು ವರ್ಷ ಕಳೆಯುವುದರೊಳಗೆ ಅಂಜುಣ ಕಡಲತೀರದಲ್ಲಿ ಹಿಪ್ಪಿಗಳು ಬೀಡುಬಿಟ್ಟಿದ್ದರು. ಅವರಿಗೆ ಇಲ್ಲಿ ಸಿಗುತ್ತಿದ್ದ ದೊಡ್ಡ ಬೈಕು ಎಂದರೆ 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಬುಲೆಟ್ ಒಂದೇ. ತಮ್ಮ ದೇಶದಲ್ಲಿ ಕಂಡಿದ್ದನ್ನು ಅದರ ಮೇಲೆ ಮಾಡಿಸಿಕೊಂಡರು. ನಮ್ಮ ಸೀಮೆಗೆ ಚಾಪರ್ ಬಂದದ್ದು ಸಿನಿಮಾದಿಂದಲ್ಲ, ಹೀಗೆ.

ಅವರು ಕಂಡಿದ್ದಾದರೂ ಏನು? ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸೈನ್ಯದಿಂದ ಮರಳಿದ ಹುಡುಗರು ಭಾರದ ಹಾರ್ಲೆಗಳ ಮಡ್‌ಗಾರ್ಡ್ ಕತ್ತರಿಸಿ ಹಗುರ ಮಾಡಿಕೊಂಡರು. ಅದು ಬಾಬರ್. ಅರವತ್ತರ ದಶಕದಲ್ಲಿ ಚೇಸಿಸ್ಸಿನ ಕುತ್ತಿಗೆಯನ್ನೇ ಕೊಯ್ದು, ಫೋರ್ಕ್ ಉದ್ದ ಮಾಡಿ, ಮುಂದಿನ ಗಾಲಿಯನ್ನು ದೂರಕ್ಕೆ ಚಾಚಿದರು. ಅದು ಚಾಪರ್. 1969ರ ‘ಈಸಿ ರೈಡರ್’ ಚಿತ್ರ ಅದನ್ನು ಲೋಕಕ್ಕೆಲ್ಲ ತೋರಿಸಿತು. ಆ ಚಿತ್ರದ ಬೈಕುಗಳನ್ನು ಕಟ್ಟಿದವರು ಬೆನ್ ಹಾರ್ಡಿ ಮತ್ತು ಕ್ಲಿಫ್ ವಾಸ್ ಎಂಬ ಇಬ್ಬರು ಕಪ್ಪು ಅಮೆರಿಕನ್ನರು. ತೆರೆಯ ಮೇಲೆ ಅವರ ಹೆಸರೇ ಬರಲಿಲ್ಲ. ಲೇತ್ ಮೇಲೆ ಕೈ ಕಪ್ಪು ಮಾಡಿಕೊಂಡು ಬದುಕಿದವನಾಗಿ ನನಗೆ ಇದು ಬಹಳ ನೋವಿನ ಸಂಗತಿ. ಎಲ್ಲ ಊರಿನಲ್ಲೂ ಓಡಿಸಿದವನ ಫೋಟೊ ಉಳಿಯುತ್ತದೆ, ಬೆಸುಗೆ ಹಾಕಿದವನು ಉಳಿಯುವುದಿಲ್ಲ.

ಇತ್ತ ಬೆಳಗಾವಿ, ಖಾನಾಪುರದ ಮಂದಿಗೆ ಬೈಕು ದುಡಿಯುವ ಸಾಧನವಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಲ್ಲಿ. ಹಾಲಿನ ಕ್ಯಾನು, ಭತ್ತದ ಚೀಲ ಎಲ್ಲ ಅದರ ಮೇಲೆ ಹೋಗುತ್ತಿದ್ದವು. ಕ್ಯಾಂಪ್ ಕಡೆ ಮಿಲಿಟರಿಯವರ ಬುಲೆಟ್. ಎರಡರಲ್ಲೂ ಬೆನ್ನು ನೆಟ್ಟಗೆ, ಮೊಣಕೈ ಸಡಿಲ. ಈಗ ಕ್ರೂಸರ್ ಎಂದು ದುಡ್ಡು ಕೊಟ್ಟು ಕೊಳ್ಳುವ ಆರಾಮ ನಮ್ಮ ಹಿರಿಯರಿಗೆ ಹೆಸರಿಲ್ಲದೆಯೇ ಇತ್ತು.

ವೇಗದ ಹುಚ್ಚು ಆಮೇಲಿನದು. 1983ರಲ್ಲಿ ರಾಜದೂತ್ 350, 1985ರಲ್ಲಿ ಆರ್‌ಎಕ್ಸ್ 100, 2001ರಲ್ಲಿ ಪಲ್ಸರ್, 2003ರಲ್ಲಿ ಕರಿಜ್ಮಾ. 2008ರಲ್ಲಿ ಯಮಹಾ ಆರ್15 ಬಂದಾಗ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಟರ್ನರ್ ಆಗಿದ್ದೆ. ಓವರ್‌ಟೈಮಿನ ದುಡ್ಡು ಕೂಡಿಸಿ ಅದನ್ನೇ ತಂದೆ. ನೀರಿನಿಂದ ತಂಪಾಗುವ 150 ಸಿಸಿ ಎಂಜಿನ್, ಆ ಚೇಸಿಸ್ಸಿನ ಗಟ್ಟಿತನ, ಅದನ್ನು ಮಾಡಿದವರಿಗೆ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಅದು ಬಯಸುವ ರಸ್ತೆ ಬೇರೆ. ಹ್ಯಾಂಡಲ್ ತಗ್ಗಿನಲ್ಲಿ ಫೋರ್ಕಿಗೇ ಕಚ್ಚಿಕೊಂಡಿರುತ್ತದೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ದಿನವಿಡೀ ಚಕ್ ಬಿಗಿದ ಕೈ ಅದು. ಲೋಂಡಾ ಕಡೆ ಹೊರಟು ಪೀರನವಾಡಿ ದಾಟಿ, ಖಾನಾಪುರದ ಮಲಪ್ರಭಾ ಸೇತುವೆ ದಾಟಿ, ಕಾಡು ಶುರುವಾಗುವ ಹೊತ್ತಿಗೆ ಹೆಬ್ಬೆರಳಿನ ಬುಡ ಮರಗಟ್ಟುತ್ತಿತ್ತು. ಮುಂದೆ ಹೆದ್ದಾರಿ ಅಗಲ ಮಾಡುವ ಕೆಲಸ ಹಿಡಿದ ವರ್ಷಗಳಲ್ಲಂತೂ ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ಗಾಡಿಗಿದ್ದ ವೇಗದ ಅರ್ಧಕ್ಕೂ ಅಲ್ಲಿ ಕೆಲಸವಿರಲಿಲ್ಲ.

ನಾನು ಅದನ್ನು ಕೊಟ್ಟು ಬಜಾಜ್ ಅವೆಂಜರ್ 220 ತಂದೆ. ಅದರ ವಂಶಾವಳಿ ಸೊಗಸಾಗಿದೆ. ಪಲ್ಸರ್ ಬಂದ 2001ರಲ್ಲೇ ಬಜಾಜಿನವರು ಕವಾಸಾಕಿಯ ಜೊತೆ ಎಲಿಮಿನೇಟರ್ ಎಂಬ ಉದ್ದನೆಯ ಗಾಡಿ ತಂದಿದ್ದರು. ದುಬಾರಿಯಾಗಿತ್ತು, ನಡೆಯಲಿಲ್ಲ. 2005ರಲ್ಲಿ ಅದೇ ಮೈಕಟ್ಟಿಗೆ ಪಲ್ಸರಿನ 180 ಸಿಸಿ ಎಂಜಿನ್ ಕೂರಿಸಿ ಬೆಲೆ ಇಳಿಸಿದರು, ಅದೇ ಅವೆಂಜರ್. 2010ರಲ್ಲಿ ಬಂದ 220ರ ಎಂಜಿನ್ನೂ ಪಲ್ಸರ್ ಮನೆತನದ್ದೇ. ಎಂದರೆ ಹುಡುಗರು ರೇಸಿಗೆಂದು ತಿರುಚುತ್ತಿದ್ದ ಎಂಜಿನ್ನೇ ಇಲ್ಲಿ ಕಾಲು ಚಾಚಿ ಕೂತವನನ್ನು ಹೊತ್ತಿತು. ಆರ್15ಕ್ಕಿಂತ ಎರಡು ಗಾಲಿಗಳ ನಡುವಿನ ಅಂತರ ಒಂದು ಗೇಣಿನಷ್ಟು ಹೆಚ್ಚು, ಸೀಟು ಎರಡು ಬೆರಳಿಗಿಂತ ತಗ್ಗು.

ನಾನಷ್ಟೇ ಅಲ್ಲ, ನಮ್ಮ ಶೆಡ್ಡಿಗೆ ಇದೇ ಮಣಿಕಟ್ಟಿನ ಬೇನೆ ಹೇಳಿಕೊಂಡು ಬರುವವರು ಹೆಚ್ಚಾದರು. ಫೌಂಡ್ರಿ, ಮಷಿನ್ ಶಾಪ್ ತುಂಬಿದ ಉದ್ಯಮಬಾಗದಲ್ಲಿ ಪಂಪು, ಹೈಡ್ರಾಲಿಕ್ ಭಾಗಗಳ ಜೊತೆಗೆ ಹ್ಯಾಂಡಲ್ ಎತ್ತರಿಸುವ ಕಟ್ಟೆಗಳೂ ಲೇತಿನಿಂದ ಇಳಿದವು. ಕೆಲಸ ನೋಡಲು ಸಣ್ಣದು. ಅಲ್ಯೂಮಿನಿಯಂ ಸರಳು ಕತ್ತರಿಸಿ, ಫೇಸ್ ಮಾಡಿ, ಹ್ಯಾಂಡಲ್ ಕೂರಲು 22 ಮಿಲಿಮೀಟರಿನ ಬೋರು ಹೊಡೆದು, ಆ ಬೋರನ್ನು ನಡುವೆ ಸೀಳಿ ಮೇಲಿನ ಅರ್ಧವನ್ನು ಅಲೆನ್ ಬೋಲ್ಟಿನಿಂದ ಹಿಡಿಸಬೇಕು. ಬೋರು ಕೂದಲೆಳೆಯಷ್ಟು ಸಡಿಲವಾದರೂ ಹೊಂಡಕ್ಕೆ ಬಿದ್ದಾಗ ಹ್ಯಾಂಡಲ್ ತಿರುಗಿಬಿಡುತ್ತದೆ. ಮುಖ್ಯ ಪರೀಕ್ಷೆ ಆಮೇಲೆ. ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಬೇಕು. ಎಂಜಿನ್ ತಾನಾಗಿ ಏರಿದರೆ ಎಕ್ಸಿಲರೇಟರ್ ಕೇಬಲ್ ಗಿಡ್ಡವಾಯಿತು ಎಂದರ್ಥ. ಹಾಗೆಯೇ ಬಿಟ್ಟರೆ ಘಟ್ಟದ ತಿರುವಿನಲ್ಲಿ ಗಾಡಿ ಸವಾರನ ಮಾತು ಕೇಳುವುದಿಲ್ಲ.

ಚೇಸಿಸ್ ಕೊಯ್ಯುವ ಕೆಲಸಕ್ಕೆ ನಮ್ಮ ಶೆಡ್ಡಿನವರು ಕೈ ಹಾಕಲಿಲ್ಲ. ಅದಕ್ಕೆ ಒಂದು ಕಾರಣ ಗೋವಾಕ್ಕೆ ಇಳಿಯುವ ಅನಮೋಡ ಘಟ್ಟ. ಸ್ಪೋರ್ಟ್ಸ್ ಬೈಕಿನ ಫೋರ್ಕ್ ಸುಮಾರು 25 ಡಿಗ್ರಿ ವಾಲಿರುತ್ತದೆ, ಬೇಕಾದತ್ತ ಥಟ್ಟನೆ ತಿರುಗುತ್ತದೆ. ಚಾಪರಿನಲ್ಲಿ ಅದು 40 ದಾಟುವುದೂ ಉಂಟು. ನೇರ ದಾರಿಯಲ್ಲಿ ಗಾಡಿ ಅಲುಗುವುದಿಲ್ಲ, ಆದರೆ ನಿಧಾನದ ತಿರುವಿನಲ್ಲಿ ಮುಂದಿನ ಗಾಲಿ ಭಾರವಾಗಿ ಒಂದು ಕಡೆಗೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಹೆದ್ದಾರಿಗೆ ಒಪ್ಪುವ ಲೆಕ್ಕ ಅನಮೋಡಿಗೆ ಒಪ್ಪುವುದಿಲ್ಲ. ಇನ್ನೊಂದು ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ 2000ದಲ್ಲಿ ತಿದ್ದುಪಡಿಯಾಗಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ನಿಷಿದ್ಧವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತವಾಗಿ ಹೇಳಿತು. ಕುತ್ತಿಗೆಯ ಬೆಸುಗೆ ಬಿಟ್ಟರೆ ಏನಾಗುತ್ತದೆಂದು ಬಲ್ಲವನಾಗಿ ಈ ಬಿಗಿ ಬೇಕಿತ್ತು ಎನ್ನುತ್ತೇನೆ. ಹ್ಯಾಂಡಲಿನ ಕೆಲಸವನ್ನೂ ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದ್ದೇವೆ.

ಈಗ ಕಾರ್ಖಾನೆಯವರೇ ಆ ರೂಪ ಕೊಡುತ್ತಿದ್ದಾರೆ. ಮರಳಿ ಬಂದ ಜಾವಾ ಹೆಸರಿನಲ್ಲಿ ಪೆರಾಕ್ ಎಂಬ ಬಾಬರ್, 2020ರಿಂದ ರಾಯಲ್ ಎನ್‌ಫೀಲ್ಡಿನ ಮೀಟಿಯರ್. ಚಳಿಗಾಲದಲ್ಲಿ ಗೋವಾದ ಬೈಕ್ ಮೇಳಗಳಿಗೆ ಹೊರಟವರು ಲೋಂಡಾ ಬಳಿ ಚಹಾಕ್ಕೆ ನಿಂತಾಗ ಇವೂ ಕಾಣುತ್ತವೆ. ಸ್ಪೋರ್ಟ್ಸ್ ಬೈಕ್ ಮಾರಿ ಕ್ರೂಸರ್ ಕೊಳ್ಳಲೇ ಎಂದು ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಮಣಿಕಟ್ಟಿನ ನೋವು ಹೋಗುತ್ತದೆ, ಆದರೆ ಹೊಂಡದ ಪೆಟ್ಟು ಸೊಂಟಕ್ಕೆ ಬರುತ್ತದೆ. ಕಾಲು ಹಿಂದಿದ್ದರೆ ಹೊಂಡ ಕಂಡಾಗ ಫುಟ್‌ರೆಸ್ಟ್ ಮೇಲೆ ಅರ್ಧ ಎದ್ದು ಪಾರಾಗಬಹುದು. ಕಾಲು ಮುಂದೆ ಚಾಚಿ ಕೂತವನಿಗೆ ಏಳಲಾಗುವುದಿಲ್ಲ. ಅದಕ್ಕೇ ಖಾನಾಪುರ ದಾಟಿದ ಮೇಲೆ ನಲವತ್ತರ ಮೇಲೆ ಹೋಗಬೇಡಿ, ಹಿಂದಿನ ಸ್ಪ್ರಿಂಗನ್ನು ನಿಮ್ಮ ತೂಕಕ್ಕೆ ಸರಿಯಾಗಿ ಬಿಗಿಸಿಕೊಳ್ಳಿ.