ಪೈಸೆ ಪೈಸೆ ಕೂಡಿಸಿ ಕಟ್ಟಿದ ಗಾಜಿನ ಕುಲುಮೆ

ಮುಂಬೈಯಿಂದ ಹೊರಟು, ಕಲ್ಯಾಣ, ಕರ್ಜತ್ ದಾಟಿ ಘಟ್ಟವೇರುವ ರೈಲುಹಾದಿಯಲ್ಲಿ ಪುಣೆಗೆ ಮುನ್ನ ಸಿಗುವ ಊರು ತಳೇಗಾಂವ್ ದಾಭಾಡೆ. ಸ್ವದೇಶಿ ಚಳವಳಿಯ ಕಾವಿನಲ್ಲಿ, 1908ರಲ್ಲಿ, ಅಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ತಲೆಗೊಂದು ಪೈಸೆಯಂತೆ ಜನರಿಂದ ಹಣ ಕೂಡಿಸಲು ಹೊರಟವರು ಅಂತಾಜಿ ದಾಮೋದರ ಕಾಳೆ. ಬೆನ್ನಿಗೆ ನಿಂತವರು ಲೋಕಮಾನ್ಯ ತಿಲಕರು. ವಿದೇಶದಲ್ಲಿ ಗಾಜಿನ ತಂತ್ರ ಕಲಿತು ಬಂದ ಈಶ್ವರದಾಸ್ ವಾರ್ಷ್ಣೇಯ ಕುಲುಮೆಯ ಹೊಣೆ ಹೊತ್ತರು. ಮಾಲು ತಯಾರಿಸುವುದರ ಜೊತೆಗೆ ಹುಡುಗರಿಗೆ ಕಸುಬು ಕಲಿಸುವುದೂ ಇಲ್ಲಿನ ಉದ್ದೇಶವಾಗಿತ್ತು. ಈ ಕಾರ್ಖಾನೆಯ ನಿಜವಾದ ಹಿರಿಮೆ ಅದೇ.

ಗಾಜು ಊದುವವನು ಮೊದಲು ಕಲಿಯಬೇಕಾದದ್ದು ಊದುವುದನ್ನಲ್ಲ, ತಿರುಗಿಸುವುದನ್ನು.

ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಜೇನಿನಂತೆ ಜೋತಾಡುವ ಗಾಜನ್ನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಳ್ಳುತ್ತಾನೆ. ಕೈ ಅರೆಗಳಿಗೆ ನಿಂತರೂ ಮುದ್ದೆ ಒಂದು ಮಗ್ಗುಲಿಗೆ ವಾಲುತ್ತದೆ. ಹದವಾಗಿ ಊದಿದರೆ ಒಳಗೆ ಗುಳ್ಳೆ ಏಳುತ್ತದೆ. ತೆಳುವಾದ ಕಡೆ ಬೇಗ ತಣಿದು ಬಿಗಿಯುತ್ತದೆ, ದಪ್ಪ ಕಡೆ ಇನ್ನೂ ಹಿಗ್ಗುತ್ತದೆ. ಈ ಹದ ಕೈಗೆ ಹತ್ತಲು ವರ್ಷಗಳೇ ಬೇಕು.

ತಯಾರಾದ ಪಾತ್ರೆಯನ್ನು ಹಾಗೇ ಗಾಳಿಗಿಟ್ಟರೆ ಸೀಳುತ್ತದೆ. ಅದಕ್ಕೆಂದೇ ಇರುವ ಬೇರೊಂದು ಒಲೆಯಲ್ಲಿಟ್ಟು, ಸುಮಾರು 500 ಡಿಗ್ರಿಯಿಂದ ನಿಧಾನವಾಗಿ ಆರಿಸುತ್ತಾರೆ.